ಹೊಸಕೆರೆಹಳ್ಳಿಯ ತೆರಿಗೆ ಯಾವ ಪುಟದಲ್ಲಿದೆ?

ಏಪ್ರಿಲ್ ತಿಂಗಳೊಳಗೆ ಆಸ್ತಿ ತೆರಿಗೆಯನ್ನು ಪೂರ್ತಿಯಾಗಿ ಕಟ್ಟಿದರೆ ಶೇ 5ರ ರಿಯಾಯಿತಿ ಉಂಟು. ಹೊಸಕೆರೆಹಳ್ಳಿಯಲ್ಲಿ ಮನೆ ಮಾಡಿಕೊಂಡಿರುವ ನನ್ನಂಥ ಸಂಬಳದಾರರಿಗೆ ಇದು ಬಿಡಲಾಗದ ಆಮಿಷ. ಕಟ್ಟಿದ ಮೇಲೆ ರಸೀದಿಯನ್ನು ಕಡತಕ್ಕೆ ಸೇರಿಸಿ ಮರೆಯುವುದು ರೂಢಿ. ನಾನು ಮಾತ್ರ ಕೆಲವು ವರ್ಷಗಳಿಂದ ಅದನ್ನು ನಗರದ ಬಜೆಟ್ ಪುಸ್ತಕದ ಪಕ್ಕದಲ್ಲಿಟ್ಟು ಓದುವ ಚಟ ಹಚ್ಚಿಕೊಂಡಿದ್ದೇನೆ. ಒಂದರಲ್ಲಿ ರೂಪಾಯಿ ರೂಪಾಯಿಗೂ ಲೆಕ್ಕವಿದೆ. ಇನ್ನೊಂದರಲ್ಲಿ ನನ್ನ ಬಡಾವಣೆಯನ್ನು ಹುಡುಕುವುದೇ ಕಷ್ಟ.

ಬೆಂಗಳೂರಿಗೆ ಸ್ವಯಂಘೋಷಿತ ತೆರಿಗೆ ಪದ್ಧತಿ ಬಂದದ್ದು 2000ದಲ್ಲಿ. ಕಂದಾಯ ನಿರೀಕ್ಷಕರ ಕೃಪೆಗೆ ಕಾಯುವ ಕಾಲ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. 2008ರಲ್ಲಿ ಜಾರಿಯಾದ ಘಟಕ ವಿಸ್ತೀರ್ಣ ಮೌಲ್ಯ ಪದ್ಧತಿ ಲೆಕ್ಕವನ್ನು ಇನ್ನಷ್ಟು ಸರಳಗೊಳಿಸಿತು. ಸ್ವಂತ ವಾಸದ ಸಾವಿರ ಚದರಡಿ ಮನೆಗೆ ಚದರಡಿಗೆ ತಿಂಗಳಿಗೆ 2 ರೂಪಾಯಿ ದರ ಎಂದಿಟ್ಟುಕೊಳ್ಳೋಣ. ಈ ಪದ್ಧತಿಯಲ್ಲಿ ವರ್ಷಕ್ಕೆ ಹನ್ನೆರಡಲ್ಲ, ಹತ್ತೇ ತಿಂಗಳು (ತೆರಿಗೆಯವರ ಪಂಚಾಂಗವೇ ಬೇರೆ!). ಒಟ್ಟು 20,000 ರೂಪಾಯಿ. ಕಟ್ಟಡದ ಸವಕಳಿಗೆ ಶೇ 10 ಕಳೆದರೆ 18,000. ಅದರ ಶೇ 20, ಅಂದರೆ 3,600 ರೂಪಾಯಿ ತೆರಿಗೆ. ಅದರ ಮೇಲೆ ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3 ಮುಂತಾದ ಉಪಕರಗಳು. 2025ರ ಏಪ್ರಿಲ್‌ನಿಂದ ಕಸ ನಿರ್ವಹಣೆಯ ಶುಲ್ಕವೂ ತೆರಿಗೆಗೆ ಜೊತೆಯಾಯಿತು.

ಉಪಕರಗಳ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಗ್ರಂಥಾಲಯದ ಹೆಸರಿನಲ್ಲಿ ಪಡೆದ 216 ರೂಪಾಯಿ ಗ್ರಂಥಾಲಯಕ್ಕೇ ಸಲ್ಲಬೇಕು. ಪಾಲಿಕೆ ಆ ಹಣವನ್ನು ಬಾಕಿ ಉಳಿಸಿಕೊಂಡಿದೆ ಎಂಬ ದೂರು ಮಾತ್ರ ವರ್ಷಗಟ್ಟಲೆ ಕೇಳಿಬಂದಿದೆ. ಹೆಸರು ಹೇಳಿ ವಸೂಲು ಮಾಡಿದ ಹಣದ ಗತಿಯೇ ಹೀಗಾದರೆ, ಹೆಸರಿಲ್ಲದ ಆ 3,600 ರೂಪಾಯಿಯನ್ನು ಯಾರು ಹಿಂಬಾಲಿಸಬಲ್ಲರು?

ಈಗ ಬಜೆಟ್ ನೋಡಿ. 2024-25ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಆಯವ್ಯಯ ಸುಮಾರು 12,370 ಕೋಟಿ ರೂಪಾಯಿ. ಆ ವರ್ಷ ಆಸ್ತಿ ತೆರಿಗೆಯ ಗುರಿ 5,210 ಕೋಟಿ; ಬಂದದ್ದು 4,900 ಕೋಟಿ ಮೀರಿತು. ಬಡ್ಡಿ ಮನ್ನಾ ಯೋಜನೆಯ ನೆರವಿದ್ದರೂ ಇದು ಮೆಚ್ಚತಕ್ಕ ಸಾಧನೆಯೇ. ಆದರೆ ಮರುವರ್ಷದ ಆಯವ್ಯಯ ಒಮ್ಮೆಗೇ 19,900 ಕೋಟಿ ದಾಟಿತು. ನಮ್ಮ ಮನೆಗಳೇನೂ ಒಂದೇ ವರ್ಷದಲ್ಲಿ ಅಷ್ಟು ದೊಡ್ಡದಾಗಿರಲಿಲ್ಲ. 2025ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಬೆಂಗಳೂರಿನ ವಾರ್ಷಿಕ ಅನುದಾನವನ್ನು 3,000 ಕೋಟಿಯಿಂದ 7,000 ಕೋಟಿಗೆ ಏರಿಸುವುದಾಗಿ ಪ್ರಕಟಿಸಿತ್ತು.

ಅನುದಾನ ಬೇಡ ಎನ್ನುವಷ್ಟು ಶ್ರೀಮಂತಿಕೆ ಯಾವ ನಗರಕ್ಕೂ ಇಲ್ಲ. ಆದರೆ ಹಣ ಕೊಡುವವರೇ ಕಾಮಗಾರಿಯನ್ನೂ ಆರಿಸುತ್ತಾರೆ. ಅವರ ಕಣ್ಣು ಸುರಂಗ ರಸ್ತೆಯ ಮೇಲೆ. ನಮ್ಮ ಕಾಲು ಒಡೆದ ಚರಂಡಿ ಕಲ್ಲಿನ ಮೇಲೆ. ಆಸ್ತಿ ತೆರಿಗೆಯೊಂದೇ ನಗರ ತನ್ನ ಹಕ್ಕಿನಿಂದ ವಿಧಿಸಿ, ತಾನೇ ಖರ್ಚು ಮಾಡಬಲ್ಲ ದೊಡ್ಡ ಆದಾಯ. ಆ ಹಣದ ಮೇಲಾದರೂ ಬಡಾವಣೆಯವರ ಮಾತು ನಡೆಯಬೇಕಲ್ಲವೆ?

ನಮ್ಮ ಊರಿಗೆ ಹೆಸರು ಕೊಟ್ಟ ಕೆರೆಯನ್ನೇ ತೆಗೆದುಕೊಳ್ಳಿ. 2023ರ ಆರಂಭದಲ್ಲಿ ಅದರ ಅಂಗಳದ ನಡುವೆ ಮಣ್ಣಿನ ದಾರಿಯೊಂದು ಎದ್ದಾಗ ಸುತ್ತಲಿನವರು ದಿಗಿಲುಬಿದ್ದರು. ಹೂಳೆತ್ತುವ ವಾಹನಗಳಿಗಾಗಿ ಹಾಕಿದ ತಾತ್ಕಾಲಿಕ ದಾರಿ ಎಂಬ ಸಮಜಾಯಿಷಿ ಪಾಲಿಕೆಯಿಂದ ಬಂತು. ಅದು ನಿಜವೇ ಇರಲಿ. ಕೆಲಸಕ್ಕೆ ಎಷ್ಟು ಹಣ, ಯಾವ ಶೀರ್ಷಿಕೆಯಿಂದ, ಯಾವ ಕ್ರಮದಲ್ಲಿ ಎಂಬ ಮೂರು ಸಾಲು ಮೊದಲೇ ಕೆರೆಯ ಏರಿಯ ಮೇಲೆ ಓದಸಿಕ್ಕಿದ್ದರೆ ದಿಗಿಲಿಗೆ ಕಾರಣವೇ ಇರುತ್ತಿರಲಿಲ್ಲ.

ಕೇಳೋಣವೆಂದರೆ ಯಾರನ್ನು? ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2021-22ರಿಂದ 2025-26ರವರೆಗಿನ ಐದು ಬಜೆಟ್‌ಗಳನ್ನೂ ಅಧಿಕಾರಿಗಳೇ ಸಿದ್ಧಪಡಿಸಿದರು. ತಪ್ಪು ಅಂಕಿ ಕಂಡರೆ ಎದ್ದುನಿಂತು ಗದ್ದಲ ಎಬ್ಬಿಸುವ ಒಬ್ಬ ಸದಸ್ಯನೂ ಅಲ್ಲಿರಲಿಲ್ಲ. ಪಾಲಿಕೆ ಸಭೆಗಳ ಗದ್ದಲವನ್ನು ನಾವೆಲ್ಲ ಹಾಸ್ಯ ಮಾಡಿದ್ದೆವು. ಅದರ ಬೆಲೆ ಏನೆಂದು ಆ ಐದು ವರ್ಷ ತೋರಿಸಿಕೊಟ್ಟವು.

2025ರ ಸೆಪ್ಟೆಂಬರ್‌ನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ವಿಂಗಡಿಸಲಾಯಿತು. ಮಹದೇವಪುರದ ಕಂಪನಿಗಳ ಕಟ್ಟಡಗಳು ತರುತ್ತಿದ್ದ ಸಮೃದ್ಧ ತೆರಿಗೆ ಪೂರ್ವ ಪಾಲಿಕೆಯ ಪಾಲಾಯಿತು. ಮನೆಗಳೇ ಹೆಚ್ಚಿರುವ ನಮ್ಮ ಕಡೆಯ ಬಡಾವಣೆಗಳಿಗೆ ಇನ್ನು ಪ್ರತಿ ರೂಪಾಯಿಯೂ ಮುಖ್ಯ.

ಹೊಸದೇನನ್ನೂ ಕಂಡುಹಿಡಿಯಬೇಕಿಲ್ಲ. 2002ರಲ್ಲಿ ಬೆಂಗಳೂರಿನ ಕೆಲವು ಸ್ವಯಂಸೇವಾ ಸಂಸ್ಥೆಗಳು ‘ಪ್ರೂಫ್’ ಎಂಬ ಅಭಿಯಾನ ನಡೆಸಿ, ಪಾಲಿಕೆಯ ಮೂರು ತಿಂಗಳ ಜಮಾ-ಖರ್ಚನ್ನು ನಾಗರಿಕರ ಮುಂದೆ ಚರ್ಚೆಗೆ ತಂದಿದ್ದವು. ಅಂದು ಇಡೀ ನಗರಕ್ಕೆ ಸಾಧ್ಯವಾದದ್ದು ತೆರಿಗೆಯೆಲ್ಲ ಗಣಕೀಕೃತವಾಗಿರುವ ಇಂದು ಒಂದು ವಾರ್ಡಿಗೆ ಅಸಾಧ್ಯವಲ್ಲ. ಹೊಸಕೆರೆಹಳ್ಳಿಯಿಂದ ಬಂದ ತೆರಿಗೆ ಇಷ್ಟು, ಬಾಕಿ ಇಷ್ಟು, ಇಲ್ಲಿ ಖರ್ಚಾದದ್ದು ಇಷ್ಟು, ಗುತ್ತಿಗೆದಾರರಿಗೆ ಕೊಡಬೇಕಾದದ್ದು ಇಷ್ಟು: ಒಂದೇ ಹಾಳೆ ಸಾಕು. ವಾರ್ಡ್ ಸಮಿತಿಗೆ ಕಾನೂನಿನಲ್ಲಿ ಜಾಗವಿದೆ. ಮೂರು ತಿಂಗಳಿಗೊಮ್ಮೆ ಆ ಹಾಳೆಯನ್ನು ಸಮಿತಿಯ ಮುಂದಿಟ್ಟು ಓದಲಿ. ವಾರ್ಡ್ ಕಚೇರಿಯ ಗೋಡೆಗೂ ಒಂದು ಪ್ರತಿ ಅಂಟಿಸಲಿ.