ತಾಂಡವಪುರದ ಆಕಾಶ: ಮನೆಯ ಕಂಪ್ಯೂಟರಿನಲ್ಲಿ ಒರೆಗೆ ಹಚ್ಚಬಹುದಾದ ನಂಬಿಕೆಗಳು

ಇರುಳಿನ ಆಕಾಶವನ್ನು ಕಂಪ್ಯೂಟರಿನ ಅಥವಾ ಮೊಬೈಲಿನ ಪರದೆಯ ಮೇಲೆ ತೋರಿಸುವ ತಂತ್ರಾಂಶಗಳಲ್ಲಿ ಮನೆಮಂದಿಗೆ ಹೆಚ್ಚು ಹೊಂದುವುದು ಸ್ಟೆಲೇರಿಯಂ. ಫ್ರಾನ್ಸಿನ ಫೇಬಿಯನ್ ಶೆರೋ 2000ದಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶದ ಕಂಪ್ಯೂಟರ್ ಆವೃತ್ತಿ ಉಚಿತ. ಅದರ ಜೊತೆಯಲ್ಲೇ ಬರುವ ಪಟ್ಟಿಯಲ್ಲಿ ಆರು ಲಕ್ಷಕ್ಕೂ ಹೆಚ್ಚು ನಕ್ಷತ್ರಗಳಿವೆ. ಒಮ್ಮೆ ಇಳಿಸಿಕೊಂಡ ಮೇಲೆ ಇಂಟರ್ನೆಟ್ ಬೇಕಿಲ್ಲ, ದೂರದರ್ಶಕವಂತೂ ಬೇಡವೇ ಬೇಡ. ಇವೆರಡೂ ಇಲ್ಲದೆ ಆಕಾಶ ನೋಡಲಾಗದು ಎಂಬುದೇ ಮೊದಲನೆಯ ತಪ್ಪು ಕಲ್ಪನೆ. ಒಂದು ಸಾಧಾರಣ ಬೈನಾಕ್ಯುಲರ್ ಇದ್ದರೆ ಚಂದ್ರನ ಕುಳಿಗಳೂ ಗುರುವಿನ ನಾಲ್ಕು ದೊಡ್ಡ ಚಂದ್ರರೂ ಕಾಣುತ್ತವೆ. ಅದೂ ಇಲ್ಲದವರಿಗೆ ಕಣ್ಣು ಸಾಕು.

ಫೋನನ್ನು ಆಕಾಶಕ್ಕೆ ಹಿಡಿದ ಕೂಡಲೇ ನಕ್ಷತ್ರದ ಹೆಸರು ಬರುತ್ತದೆ. ಹಾಗಾಗಿ ಕ್ಯಾಮೆರಾವೋ ಉಪಗ್ರಹವೋ ಆಕಾಶವನ್ನು ನೋಡಿ ಹೇಳುತ್ತಿದೆ ಎಂದು ಅನೇಕರು ತಿಳಿಯುತ್ತಾರೆ. ತಂತ್ರಾಂಶ ಏನನ್ನೂ ನೋಡುವುದಿಲ್ಲ. ಊರು ಯಾವುದು, ಹೊತ್ತು ಎಷ್ಟು ಎಂಬ ಎರಡು ಸಂಗತಿ ಹಿಡಿದು ಲೆಕ್ಕ ಹಾಕುತ್ತದೆ, ಅಷ್ಟೇ. ಪಂಚಾಂಗ ಬರೆಯುವವರ ಲೆಕ್ಕವೂ ಇದೇ ಜಾತಿಯದು. ಆದ್ದರಿಂದಲೇ ಮೋಡ ಕವಿದಿದ್ದರೂ ನಡುಹಗಲಾಗಿದ್ದರೂ ಅದು ನಕ್ಷತ್ರಗಳನ್ನು ತೋರಿಸಬಲ್ಲದು. ಊರನ್ನು ತಪ್ಪಾಗಿ ಕೊಟ್ಟರೆ ಆಕಾಶವೂ ತಪ್ಪಾಗಿಯೇ ಬರುತ್ತದೆ. ಮೈಸೂರು–ನಂಜನಗೂಡು ಹೆದ್ದಾರಿಯ ತಾಂಡವಪುರಕ್ಕೆ ಅಕ್ಷಾಂಶ ಸುಮಾರು 12.2 ಡಿಗ್ರಿ ಉತ್ತರ, ರೇಖಾಂಶ ಸುಮಾರು 76.7 ಡಿಗ್ರಿ ಪೂರ್ವ. ಎಫ್6 ಗುಂಡಿ ಒತ್ತಿ ಇವನ್ನು ತುಂಬಿದರೆ ಊರಿನ ಆಕಾಶ ಸಿದ್ಧ. ಬೆಂಗಳೂರೆಂದು ಕೊಟ್ಟರೆ ಉದಯಾಸ್ತಗಳಲ್ಲಿ ನಾಲ್ಕು ನಿಮಿಷದಷ್ಟು ವ್ಯತ್ಯಾಸ ಬರುತ್ತದೆ, ಅದೇನೂ ದೊಡ್ಡದಲ್ಲ. ಪ್ಯಾರಿಸ್ ಎಂದು ಉಳಿದುಬಿಟ್ಟರೆ ಮಾತ್ರ ಮುಂದೆ ಹೇಳುವ ಅಗಸ್ತ್ಯ ನಕ್ಷತ್ರ ಹುಟ್ಟುವುದೇ ಇಲ್ಲ.

ಫೋನು ತೋರಿಸಿದ ದಿಕ್ಕು ಯಾವಾಗಲೂ ಸರಿ ಎಂದೂ ನಂಬಬೇಕಾಗಿಲ್ಲ. ಕಬ್ಬಿಣದ ಗೇಟು, ನೀರೆತ್ತುವ ಮೋಟಾರು, ನಿಂತ ಕಾರು ಇವು ಹತ್ತಿರವಿದ್ದರೆ ಫೋನಿನೊಳಗಿನ ದಿಕ್ಸೂಚಿ ದಾರಿ ತಪ್ಪುತ್ತದೆ. ಗೊತ್ತಿರುವ ಒಂದು ನಕ್ಷತ್ರದೊಡನೆ ಮೊದಲು ತಾಳೆ ನೋಡುವುದೇ ಕ್ಷೇಮ. ಪರದೆಯ ಮೇಲೆ ಬಣ್ಣಬಣ್ಣವಾಗಿ ಸುಳಿಯುವ ಆಂಡ್ರೊಮಿಡಾ ಗೆಲಾಕ್ಸಿ, ಕತ್ತಲೆ ದಟ್ಟವಾಗಿರುವ ಕಡೆಯಲ್ಲೂ ಬರಿಗಣ್ಣಿಗೆ ಮಸುಕು ಮಚ್ಚೆಯಷ್ಟೇ. ತಾಂಡವಪುರದ ಉತ್ತರಕ್ಕೆ ಮೈಸೂರಿನ ಬೆಳಕು, ಮಗ್ಗುಲಲ್ಲೇ ಕೈಗಾರಿಕಾ ಪ್ರದೇಶದ ದೀಪಗಳು. ತಂತ್ರಾಂಶದಲ್ಲಿ ಬೆಳಕಿನ ಮಾಲಿನ್ಯದ ಮಟ್ಟವನ್ನು ಏರಿಸಿಕೊಂಡರೆ ಮಕ್ಕಳು ಹೊರಗೆ ಬಂದಾಗ ನಿರಾಶೆಪಡಬೇಕಾಗುವುದಿಲ್ಲ.

ಧ್ರುವ ನಕ್ಷತ್ರ ಎಲ್ಲಕ್ಕಿಂತ ಪ್ರಕಾಶಮಾನ ಎಂಬ ಮಾತು ಬಹಳ ಹಳೆಯದು. ಹೊಳಪಿನ ಸಾಲಿನಲ್ಲಿ ಅದಕ್ಕೆ ಸಿಗುವುದು ಸುಮಾರು ಐವತ್ತನೆಯ ಜಾಗ. ಒಂದು ಊರಿನ ಅಕ್ಷಾಂಶ ಎಷ್ಟೋ ಆ ಊರಿನ ಆಕಾಶದಲ್ಲಿ ಧ್ರುವ ಸರಿಸುಮಾರು ಅಷ್ಟೇ ಎತ್ತರ. ಹಾಗಾಗಿ ತಾಂಡವಪುರದಲ್ಲಿ ಅದು ಚಾಮುಂಡಿ ಬೆಟ್ಟದ ಕಡೆಗೆ, ದಿಗಂತದಿಂದ 12 ಡಿಗ್ರಿಯಷ್ಟೇ ಮೇಲೆ, ನಗರದ ಬೆಳಕಿನಲ್ಲಿ ಮಂಕಾಗಿ ನಿಂತಿರುತ್ತದೆ. ಸಪ್ತರ್ಷಿ ಮಂಡಲ ಮುಳುಗದೆ ಧ್ರುವನನ್ನು ಸುತ್ತುತ್ತಿರುತ್ತದೆ ಎಂಬ ಪುಸ್ತಕದ ಚಿತ್ರವೂ ಬಹಳ ಉತ್ತರದ ನಾಡುಗಳಿಗೆ ಒಪ್ಪುವಂಥದು. ಈ ಸೀಮೆಯಲ್ಲಿ ಸಪ್ತರ್ಷಿಗಳು ಹುಟ್ಟುತ್ತಾರೆ, ಮುಳುಗುತ್ತಾರೆ. ನವೆಂಬರಿನ ಸಂಜೆ ಹುಡುಕಿದರೆ ಸಿಗುವುದಿಲ್ಲ.

ಉತ್ತರದಲ್ಲಿ ಆದ ನಷ್ಟವನ್ನು ದಕ್ಷಿಣ ತುಂಬಿಕೊಡುತ್ತದೆ. ಸದರ್ನ್ ಕ್ರಾಸ್ ಎಂಬ ದಕ್ಷಿಣದ ಶಿಲುಬೆಯನ್ನು ನೋಡಲು ಆಸ್ಟ್ರೇಲಿಯಕ್ಕೇ ಹೋಗಬೇಕು ಎಂಬ ಎಣಿಕೆ ತಪ್ಪು. ಮೇ ನಡುಭಾಗದಲ್ಲಿ ರಾತ್ರಿ ಒಂಬತ್ತು ಗಂಟೆಯ ಸುಮಾರಿಗೆ, ದಕ್ಷಿಣಕ್ಕೆ ಬಯಲಿದ್ದರೆ, ಅದು 18 ಡಿಗ್ರಿ ಎತ್ತರದಲ್ಲಿ ನೆಟ್ಟಗೆ ನಿಲ್ಲುತ್ತದೆ. ಫೆಬ್ರವರಿಯ ಇರುಳಿನಲ್ಲಿ ಅದೇ ದಿಕ್ಕಿಗೆ 25 ಡಿಗ್ರಿ ಮೇಲೆ ಬೆಳಗುವುದು ಅಗಸ್ತ್ಯ, ಅಂದರೆ ಕ್ಯಾನೊಪಸ್. ಲುಬ್ಧಕವನ್ನು ಬಿಟ್ಟರೆ ಇರುಳಿನ ಆಕಾಶದಲ್ಲಿ ಅದರಷ್ಟು ಪ್ರಕಾಶದ ನಕ್ಷತ್ರ ಇನ್ನೊಂದಿಲ್ಲ. ದೆಹಲಿಯಲ್ಲಿ ಅದು ಒಂಬತ್ತು ಡಿಗ್ರಿಗಿಂತ ಮೇಲೇರದು. ಕಾವೇರಿ–ಕಪಿಲೆಯರ ಸಂಗಮದ ತಿರುಮಕೂಡಲಿನಲ್ಲಿ ಅಗಸ್ತ್ಯೇಶ್ವರನ ಗುಡಿಯಿದೆ. ದಕ್ಷಿಣಕ್ಕೆ ಬಂದ ಋಷಿಯ ಹೆಸರನ್ನು ದಕ್ಷಿಣದ ಈ ನಕ್ಷತ್ರಕ್ಕೆ ಇಟ್ಟವರು ಆಕಾಶವನ್ನು ಚೆನ್ನಾಗಿ ನೋಡಿದವರೇ ಇರಬೇಕು.

ರೈತರ ಮನೆಗಳಿಗೆ ಎಲ್ಲಕ್ಕಿಂತ ಹತ್ತಿರದ್ದು ಮಳೆ ನಕ್ಷತ್ರಗಳ ವಿಚಾರ. ಭರಣಿ, ರೋಹಿಣಿ, ಆರಿದ್ರೆ, ಹಸ್ತ, ಸ್ವಾತಿ ಎಂದು ಮಳೆಗಳ ಹೆಸರು ಹೇಳುವವರು ಇಂದಿಗೂ ನಂಜನಗೂಡು, ನರಸೀಪುರದ ಹಳ್ಳಿಗಳಲ್ಲಿ ಬೇಕಾದಷ್ಟು ಜನ. ರೋಹಿಣಿ ಮಳೆ ಹುಟ್ಟಿದೆ ಎಂದರೆ ಆ ದಿನಗಳ ರಾತ್ರಿಯಲ್ಲಿ ರೋಹಿಣಿ ನಕ್ಷತ್ರ ನೆತ್ತಿಯ ಮೇಲಿರುತ್ತದೆ, ಮೋಡದಿಂದಾಗಿ ಕಾಣುತ್ತಿಲ್ಲ ಅಷ್ಟೇ ಎಂದು ಮಕ್ಕಳಿಗೆ ಹೇಳುವುದುಂಟು. ನಿಜ ಇದಕ್ಕೆ ನೇರ ಉಲ್ಟಾ. ಸೂರ್ಯ ಯಾವ ನಕ್ಷತ್ರದ ಭಾಗದಲ್ಲಿ ಸಂಚರಿಸುತ್ತಿದ್ದಾನೋ ಮಳೆಗೆ ಅದರ ಹೆಸರು. ಇಡೀ ವರ್ಷದ ಹಾದಿಯನ್ನು 27 ಪಾಲು ಮಾಡಿದರೆ ಒಂದೊಂದಕ್ಕೆ ಹದಿಮೂರು, ಹದಿನಾಲ್ಕು ದಿನ. ರೋಹಿಣಿಯ ಪಾಲು ಮೇ 25ರ ಸುಮಾರಿಗೆ ಶುರುವಾಗಿ ಜೂನ್ ಮೊದಲ ವಾರದ ಕೊನೆಯವರೆಗೆ ಇರುತ್ತದೆ. ಆಗ ಆ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಸೂರ್ಯನ ಜೊತೆಗೇ ಮುಳುಗುವುದರಿಂದ, ಮೋಡವಿಲ್ಲದ ರಾತ್ರಿಯಲ್ಲೂ ಕಾಣದು.

ಇದನ್ನು ಬರಿಯ ಮಾತಿನಲ್ಲಿ ಒಪ್ಪಿಸುವುದು ಕಷ್ಟ. ತಂತ್ರಾಂಶಕ್ಕೆ ಒಂದು ನಿಮಿಷದ ಕೆಲಸ. ಎಫ್5 ಒತ್ತಿ ಜೂನ್ 1ರ ನಡುಹಗಲಿಗೆ ದಿನಾಂಕ ಇಡಬೇಕು. ಎ ಗುಂಡಿ ಒತ್ತಿದರೆ ವಾಯುಮಂಡಲ ಮಾಯವಾಗಿ ಹಗಲಿನ ಆಕಾಶದಲ್ಲೇ ನಕ್ಷತ್ರಗಳು ಮೂಡುತ್ತವೆ. ಸೂರ್ಯನಿಂದ ಐದಾರು ಡಿಗ್ರಿ ದೂರದಲ್ಲಿ ಕೆಂಪಗೆ ರೋಹಿಣಿ ಇರುತ್ತದೆ. ದಿನಾಂಕವನ್ನು ಒಂದೊಂದೇ ದಿನ ಮುಂದಕ್ಕೆ ತಳ್ಳಿದರೆ ಸೂರ್ಯ ಮೃಗಶಿರ, ಆರಿದ್ರೆಗಳ ಕಡೆಗೆ ಸರಿಯುವುದು ಕಾಣುತ್ತದೆ. ಡಿಸೆಂಬರ್ ಮೊದಲ ದಿನಕ್ಕೆ ಹೋದರೆ ಅದೇ ರೋಹಿಣಿ ಸಂಜೆಯೇ ಪೂರ್ವದಲ್ಲಿ ಹುಟ್ಟುತ್ತದೆ. ಈ ತಂತ್ರಾಂಶ ಹೊರನಾಡಿನದು, ಅದರಲ್ಲಿ ನಮ್ಮ ನಕ್ಷತ್ರಗಳಿಲ್ಲ ಎಂಬ ಆಕ್ಷೇಪಕ್ಕೂ ಉತ್ತರ ಅಲ್ಲೇ ಇದೆ. ಸ್ಟೆಲೇರಿಯಂನ ಆಕಾಶ ಸಂಸ್ಕೃತಿಗಳ ಪಟ್ಟಿಯಲ್ಲಿ ಭಾರತದ್ದನ್ನು ಆರಿಸಿಕೊಂಡರೆ ನಕ್ಷತ್ರಗಳು ನಮ್ಮ ಹೆಸರುಗಳಲ್ಲೇ ಬರುತ್ತವೆ. ಹಿರಿಯರ ಬಾಯಲ್ಲಿ ಉಳಿದಿರುವ ಮಳೆಗಳ ಸಾಲು ಸೂರ್ಯನ ವಾರ್ಷಿಕ ಚಲನೆಯ ನಿಖರ ದಿನಚರಿ ಎಂಬುದು ಹೀಗೆ ಕಣ್ಣಿಗೆ ಕಂಡಾಗ ಅದರ ಬೆಲೆ ಹೆಚ್ಚುತ್ತದೆ. ಆ ಪಾಲಿನಲ್ಲಿ ಮಳೆ ಬಂದೇ ಬರುತ್ತದೆಯೇ ಎಂಬುದು ಮಾತ್ರ ಹವಾಮಾನದ ವಿಷಯ, ನಕ್ಷತ್ರದ್ದಲ್ಲ.

ಮಕರ ಸಂಕ್ರಾಂತಿಯ ದಿನವೇ ಸೂರ್ಯ ಉತ್ತರಕ್ಕೆ ತಿರುಗುತ್ತಾನೆ ಎಂಬುದೂ ಇದೇ ರೀತಿ ಪರೀಕ್ಷೆಗೆ ಸಿಗುತ್ತದೆ. ತಾಂಡವಪುರದ ನಡುಹಗಲಿನಲ್ಲಿ ಸೂರ್ಯ ಅತಿ ಕೆಳಗಿರುವುದು ಡಿಸೆಂಬರ್ 21–22ಕ್ಕೆ, ಸುಮಾರು 54 ಡಿಗ್ರಿ ಎತ್ತರದಲ್ಲಿ. ಜನವರಿ 14ರ ಹೊತ್ತಿಗೆ ಅವನು 56 ಡಿಗ್ರಿ ದಾಟಿರುತ್ತಾನೆ. ಭೂಮಿಯ ಅಕ್ಷ ಸುಮಾರು 25,800 ವರ್ಷಕ್ಕೊಮ್ಮೆ ನಿಧಾನವಾಗಿ ಸುತ್ತು ಹಾಕುವುದರಿಂದ ಹಬ್ಬವೂ ಉತ್ತರಾಯಣದ ಆರಂಭವೂ 72 ವರ್ಷಕ್ಕೆ ಒಂದು ದಿನದಂತೆ ದೂರ ಸರಿದಿವೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು.

ಬೆಳಗಿನ ಜಾವದ ಬೆಳ್ಳಿ ನಕ್ಷತ್ರವಲ್ಲ, ಶುಕ್ರ ಗ್ರಹ. ಸಂಜೆ ಪಶ್ಚಿಮದಲ್ಲಿ ಹೊಳೆಯುವುದೂ ಅದೇ. ಗ್ರಹಣ ಎಲ್ಲ ಊರಿಗೂ ಒಂದೇ ಬಗೆಯದಲ್ಲ: 2019ರ ಡಿಸೆಂಬರ್ 26ರಂದು ಕೊಡಗಿನ ಕುಟ್ಟ, ಕಾಸರಗೋಡಿನ ಚೆರುವತ್ತೂರುಗಳಲ್ಲಿ ಸೂರ್ಯ ಬಳೆಯಾದ, ತಾಂಡವಪುರದಲ್ಲಿ ಅದು ಪಾರ್ಶ್ವ ಗ್ರಹಣ. ಈ ಊರುಗಳ ಹೆಸರು ಕೊಟ್ಟು ಆ ಬೆಳಗನ್ನು ಮರಳಿ ನಡೆಸಿ ನೋಡಬಹುದು.

ಹನ್ನೆರಡು ಗಂಟೆಗೆ ಸೂರ್ಯ ನೆತ್ತಿಗೆ ಬರುತ್ತಾನೆ ಎಂಬ ಮಾತಿನಲ್ಲಿ ತಪ್ಪುಗಳು ಎರಡು. ತಾಂಡವಪುರದಲ್ಲಿ ಸೂರ್ಯ ಸರಿಯಾಗಿ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ಸಲ: ಏಪ್ರಿಲ್ 22 ಮತ್ತು ಆಗಸ್ಟ್ 20–21ರ ಆಸುಪಾಸಿನಲ್ಲಿ. ಗಡಿಯಾರದಲ್ಲಿ ಆಗ ಹನ್ನೆರಡು ದಾಟಿ ಇಪ್ಪತ್ತಕ್ಕೂ ಹೆಚ್ಚು ನಿಮಿಷ ಆಗಿರುತ್ತದೆ. ಭಾರತೀಯ ಕಾಲಮಾನ 82.5 ಡಿಗ್ರಿ ರೇಖಾಂಶದ್ದು, ಊರು ಅದರಿಂದ ಪಶ್ಚಿಮಕ್ಕಿದೆ. ನಿಖರವಾದ ನಿಮಿಷವನ್ನು ತಂತ್ರಾಂಶದಲ್ಲಿ ಮೊದಲೇ ತಿಳಿದುಕೊಂಡು ಅಂಗಳದಲ್ಲೊಂದು ಕೋಲನ್ನು ನೆಟ್ಟಗೆ ನಿಲ್ಲಿಸಿ ಮಕ್ಕಳ ಜೊತೆ ಪರೀಕ್ಷಿಸಿ ನೋಡಬೇಕು. ಏಪ್ರಿಲ್‌ನಲ್ಲಿ ಬಾನು ತಿಳಿಯಾಗಿರುವ ಸಂಭವ ಹೆಚ್ಚು, ಆಗಸ್ಟಿನಲ್ಲಿ ಮಳೆಗಾಲದ ಮೋಡ ಅಡ್ಡ ಬರಬಹುದು.