ಕಿರುಪರದೆಯ ಡ್ರೈವರ್ ಮತ್ತು ಅದರ ಪರಿಶೀಲನೆ

ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿರುವ ಜಲಾಶಯದ ಪೂರ್ಣಮಟ್ಟವು 2079.50 ಅಡಿ. ಮಳೆಗಾಲದಲ್ಲಿ ನೀರು ಈ ಅಂಕಿಯನ್ನು ಸಮೀಪಿಸುತ್ತಿದ್ದಂತೆ ರಾಮದುರ್ಗದ ಕಡೆಯ ನದೀತೀರದವರಿಗೆ ಆತಂಕ ಹೆಚ್ಚುವುದು ಸಹಜ. ಇಂಥ ಅಂಕಿಯನ್ನು ಅಂಗೈಗಿಂತ ಚಿಕ್ಕದಾದ ಪರದೆಯೊಂದು ತೋರಿಸುತ್ತಿದೆಯೆಂದು ಭಾವಿಸೋಣ. ಅದು ಈಗಿನ ಮಟ್ಟವೋ, ನಿನ್ನೆಯದೋ? ಇತಿಹಾಸದ ವಿದ್ಯಾರ್ಥಿಯು ಪ್ರತಿಯೊಂದು ದಾಖಲೆಗೂ ಹಾಕುವ ಪ್ರಶ್ನೆಯೇ ಇದು.

ಗಣಕಯಂತ್ರದ ಸ್ಮೃತಿಯನ್ನೂ ಉಪಕರಣಗಳನ್ನೂ ಆಳುವ ಮೂಲ ತಂತ್ರಾಂಶಕ್ಕೆ ಕರ್ನೆಲ್ ಎಂದು ಹೆಸರು. ಒಂದೊಂದು ಉಪಕರಣದೊಡನೆ ಅದರದೇ ಭಾಷೆಯಲ್ಲಿ ವ್ಯವಹರಿಸುವ ಅದರ ಅಂಗವೇ ಡ್ರೈವರ್. ಬೆಂಗಳೂರಿನಲ್ಲಿ ರೂಪುಗೊಂಡು 2001ರಲ್ಲಿ ಪ್ರಕಟವಾದ ಸಿಂಪ್ಯೂಟರ್ ಎಂಬ ಕೈಗಣಕವು ಲಿನಕ್ಸ್ ಕರ್ನೆಲ್ಲಿನ ಮೇಲೆಯೇ ನಡೆಯುತ್ತಿತ್ತೆಂಬುದನ್ನು ಇಲ್ಲಿ ನೆನೆಯಬಹುದು.

ಎಸ್‌ಎಸ್‌ಡಿ1306 ಎಂಬ ಪ್ರಚಲಿತ ಪರದೆ-ನಿಯಂತ್ರಕವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಡ್ಡಲಾಗಿ 128, ನೆಟ್ಟಗೆ 64, ಒಟ್ಟು 8192 ಚುಕ್ಕೆಗಳು. ಚುಕ್ಕೆಗೊಂದು ಬಿಟ್ಟಿನಂತೆ 1024 ಬೈಟುಗಳು. ಬೈಟಿನ ಎಂಟು ಬಿಟ್ಟುಗಳು ಇಲ್ಲಿ ಎಡದಿಂದ ಬಲಕ್ಕೆ ಸಾಗದೆ, ಒಂದರ ಕೆಳಗೊಂದಾಗಿ ನಿಲ್ಲುತ್ತವೆ. ಡ್ರೈವರ್ ಈ ಕ್ರಮವನ್ನು ತಪ್ಪಿದರೆ ಅಕ್ಷರಗಳು ಚೂರುಚೂರಾಗುತ್ತವೆ. ಆದರೆ ಆ ತಪ್ಪು ಕಣ್ಣಿಗೆ ಬೀಳುತ್ತದೆ. ಬೀಳದ ತಪ್ಪು ಬೇರೊಂದುಂಟು. ಈ ನಿಯಂತ್ರಕವು ತನಗೆ ತಲುಪಿದ ಕಡೆಯ ಚಿತ್ರವನ್ನು ತನ್ನ ಸ್ಮೃತಿಯಲ್ಲಿಯೇ ಇರಿಸಿಕೊಂಡು ತೋರಿಸುತ್ತಲೇ ಇರುತ್ತದೆ. ಐ2ಸಿ ಎಂಬ ಎರಡು ತಂತಿಗಳ ಮಾರ್ಗದಲ್ಲಿ ತಂತಿ ಸಡಿಲವಾಗಿ ಬೈಟುಗಳು ಮುಟ್ಟದಿದ್ದರೆ, ಕಳುಹಿಸುವ ಕಾರ್ಯವು ದೋಷಸಂಖ್ಯೆಯೊಂದನ್ನು ಹಿಂದಿರುಗಿಸುತ್ತದೆ. ಡ್ರೈವರ್ ಅದನ್ನು ಅಲಕ್ಷಿಸಿದರೆ ಹಳೆಯ ಅಂಕಿಯು ಹೊಸದರಂತೆ ಬೆಳಗುತ್ತಿರುವುದು! (ಎಸ್‌ಪಿಐ ಮಾರ್ಗದಲ್ಲಿ ಪರದೆಯಿಂದ ಇಂಥ ಪ್ರತ್ಯುತ್ತರವೇ ಬಾರದು, ಅಲ್ಲಿ ಡ್ರೈವರಿಗೂ ಸುಳಿವು ಸಿಗುವುದು ಕಷ್ಟ.)

ಇದು ಬರಿಯ ಊಹೆಯಲ್ಲ. ಇದೇ ನಿಯಂತ್ರಕವನ್ನು ನಡೆಸುವ ಎಸ್‌ಎಸ್‌ಡಿ1307ಎಫ್‌ಬಿ ಎಂಬ ಲಿನಕ್ಸ್ ಡ್ರೈವರಿನಲ್ಲಿ ಪರದೆಯನ್ನು ನವೀಕರಿಸುವ ಕಾರ್ಯವು ದೋಷವನ್ನು ತನ್ನನ್ನು ಕರೆದವರಿಗೆ ತಿಳಿಸುವಂತೆ ತಿದ್ದುವ ಪ್ರಸ್ತಾವವು 2021ರಲ್ಲಿ ಬಂದಿತು. ಅಷ್ಟರಲ್ಲಿ ಆ ಡ್ರೈವರ್ ಅನೇಕ ವರ್ಷಗಳಿಂದ ಬಳಕೆಯಲ್ಲಿತ್ತು.

ತಿದ್ದುಪಡಿಯೊಂದು ಕರ್ನೆಲ್ಲನ್ನು ಸೇರುವಾಗ ಅದರ ಕೆಳಗೆ ಹೆಸರುಗಳು ದಾಖಲಾಗುತ್ತವೆ. 2004ರಲ್ಲಿ ಆರಂಭವಾದ ‘ಸೈನ್ಡ್-ಆಫ್-ಬೈ’ ಎಂಬ ಸಾಲು, ಈ ಬರಹವನ್ನು ಸಲ್ಲಿಸಲು ತನಗೆ ಹಕ್ಕುಂಟೆಂಬ ಘೋಷಣೆ ಮಾತ್ರ. ಶಾಸನದ ಕಡೆಯಲ್ಲಿ ಬರುವ ಲಿಪಿಕಾರನ ಹೆಸರು ದಾನದ ಸತ್ಯತೆಗೆ ಸಾಕ್ಷಿಯಾಗದಷ್ಟೇ, ಇದೂ ಬರಹದ ನಿರ್ದುಷ್ಟತೆಗೆ ಸಾಕ್ಷಿಯಲ್ಲ. ಓದಿ ಒಪ್ಪಿದವನದು ‘ರಿವ್ಯೂಡ್-ಬೈ’. ಉಪಕರಣದಲ್ಲಿ ನಡೆಸಿ ನೋಡಿದವನದು ‘ಟೆಸ್ಟೆಡ್-ಬೈ’. ನಮ್ಮ ವಿದ್ಯಾರ್ಥಿಗಳು ಕಡೆಯದಕ್ಕೇ ಹೆಚ್ಚು ಬೆಲೆ ಕೊಟ್ಟಾರು. ನನಗೆ ಹಾಗೆ ತೋರುವುದಿಲ್ಲ. ತಂತಿಗಳೆಲ್ಲ ಭದ್ರವಾಗಿರುವ ಮೇಜಿನ ಮೇಲೆ ಮೇಲ್ಕಂಡ ದೋಷವು ನೂರು ಸಲ ಪರೀಕ್ಷಿಸಿದರೂ ಹೊರಬೀಳದು. ಪರದೆಯನ್ನೇ ಕಾಣದ ಪರಿಶೀಲಕನಾದರೋ, ಹಿಂದಿರುಗಿದ ಸಂಖ್ಯೆಯನ್ನು ಯಾರೂ ಸ್ವೀಕರಿಸದ ಆ ಒಂದು ಸಾಲನ್ನು ಓದುತ್ತಲೇ ಹಿಡಿಯಬಲ್ಲನು.