ಮೂರನೇ ಭಾಗದಿಂದ ಶುರುವಾಗುವ ನಾಡು

ಪುಸ್ತಕ ತೆರೆದರೆ ಮೊದಲು ಎದುರಾಗುವುದು ಮೂರನೇ ಭಾಗ! ಅದಾದ ಮೇಲೆ ಪೀಠಿಕೆ, ಒಂದು, ಎರಡು, ಆಮೇಲೆ ನಾಲ್ಕು. ಉಪಸಂಹಾರವಂತೂ ಕಥೆ ಮುಗಿಯುವ ಮುಂಚೆಯೇ ಬಂದುಬಿಡುತ್ತದೆ. ಅಲ್ಲಿ ಕಥಾನಾಯಕ ತನ್ನನ್ನು ಬರೆಯುತ್ತಿರುವವನನ್ನೇ ಭೇಟಿಯಾಗುತ್ತಾನೆ! ಗ್ಲಾಸ್ಗೋದ ಅಲಾಸ್ಡೇರ್ ಗ್ರೇ ಇಪ್ಪತ್ತಕ್ಕೂ ಹೆಚ್ಚು ವರ್ಷ ಬರೆದ, ಚಿತ್ರಗಳನ್ನೂ ತಾವೇ ಬಿಡಿಸಿದ, 1981ರಲ್ಲಿ ಪ್ರಕಟವಾದ ‘ಲಾನಾರ್ಕ್’ ಇದು. ಓದುತ್ತಾ ಹೋದಂತೆ ಮೈ ಜುಂ ಎನ್ನುತ್ತದೆ. ಈ ಲೇಖಕ ರಾಜಕೀಯಕ್ಕೆ ಚರ್ಮ, ರಕ್ತ, ಮಿದುಳು ಎಲ್ಲವನ್ನೂ ಕೊಟ್ಟಿದ್ದಾರೆ!

ಅನ್‌ಥ್ಯಾಂಕ್ ಎಂಬ ಊರಿನಲ್ಲಿ ಸೂರ್ಯನೇ ಸರಿಯಾಗಿ ಕಾಣುವುದಿಲ್ಲ. ಒಳಗಿನ ಅಕ್ಕರೆಯನ್ನು ಅದುಮಿಟ್ಟವರ ಚರ್ಮ ಗಟ್ಟಿಯಾಗಿ ಡ್ರ್ಯಾಗನ್ನಿನ ತೊಗಲಾಗುತ್ತದೆ. ವಾಸಿಯಾಗದ ರೋಗಿಗಳಿಂದಲೇ ಒಂದು ಸಂಸ್ಥೆ ಶಾಖವನ್ನೂ ಆಹಾರವನ್ನೂ ತಯಾರಿಸುತ್ತದೆ. ಊರನ್ನು ಉಳಿಸಿ ಎಂದು ಕೇಳಲು ಕಥಾನಾಯಕ ಲಾನಾರ್ಕ್ ಪ್ರೋವನ್‌ನ ಮಹಾಸಭೆಗೆ ಪ್ರತಿನಿಧಿಯಾಗಿ ಹೋದರೆ, ನಿರ್ಧಾರಗಳೆಲ್ಲ ಅವನ ಬೆನ್ನ ಹಿಂದೆಯೇ ಆಗಿಹೋಗುತ್ತವೆ. 1707ರಲ್ಲಿ ಸ್ವಂತ ಪಾರ್ಲಿಮೆಂಟ್ ಕಳೆದುಕೊಂಡ ಸ್ಕಾಟ್ಲೆಂಡಿನವರಿಗಲ್ಲದೆ ಈ ದೃಶ್ಯ ಇನ್ಯಾರಿಗೆ ಹೊಳೆಯಬೇಕು! ಕಾದಂಬರಿ ಹೊರಬರುವ ಎರಡು ವರ್ಷ ಮೊದಲು, 1979ರ ಮಾರ್ಚ್ 1ರ ಜನಮತಗಣನೆಯಲ್ಲಿ, ಮತ ಹಾಕಿದ ಸ್ಕಾಟರಲ್ಲಿ ಶೇ. 51.6 ಮಂದಿ ತಮ್ಮದೇ ಶಾಸನಸಭೆ ಬೇಕೆಂದರು. ಗೆದ್ದೂ ಸೋತರು. ಒಟ್ಟು ಮತದಾರರಲ್ಲಿ ಶೇ. 40 ಮಂದಿ ಒಪ್ಪಬೇಕೆಂಬ ಷರತ್ತಿತ್ತು, ದಕ್ಕಿದ್ದು ಶೇ. 32.9.

ಮುಂದಿನ ಕಾದಂಬರಿ, 1984ರ ‘1982, ಜನೀನ್’. ಗ್ರೇ ಸಮಾಜವಾದಿ, ಸ್ವತಂತ್ರ ಸ್ಕಾಟ್ಲೆಂಡಿನ ಪರ ಗಟ್ಟಿಯಾಗಿ ನಿಂತವರು. ಅಂಥವರು ಇಡೀ ಪುಸ್ತಕವನ್ನು ಕನ್ಸರ್ವೇಟಿವ್ ಪಕ್ಷದ ಬೆಂಬಲಿಗನೊಬ್ಬನ ತಲೆಯೊಳಗೆ, ಹೋಟೆಲ್ ಕೋಣೆಯ ಒಂದೇ ರಾತ್ರಿಯಲ್ಲಿ ಕೂರಿಸಿಬಿಟ್ಟರು. ಎಂಥ ಧೈರ್ಯ! ಕುಡಿಯುತ್ತಾ ಒದ್ದಾಡುವ ಜಾಕ್ ಮೆಕ್ಲೀಷ್‌ನ ಸ್ವಂತ ಸೋಲು ಎಲ್ಲಿ ಮುಗಿದು ಸ್ಕಾಟ್ಲೆಂಡಿನ ಸೋಲು ಎಲ್ಲಿ ಶುರುವಾಗುತ್ತದೆಂದು ಗೆರೆ ಎಳೆಯಲು ನನ್ನಿಂದ ಆಗಿಲ್ಲ.

‘ಪೂರ್ ಥಿಂಗ್ಸ್’ಗೆ (1992) ಬಂದರಂತೂ ಉಸಿರೇ ನಿಲ್ಲುತ್ತದೆ. ನೀರಿಗೆ ಬಿದ್ದು ಸತ್ತ ಗರ್ಭಿಣಿಯ ತಲೆಯಲ್ಲಿ ಅವಳದೇ ಹುಟ್ಟದ ಕೂಸಿನ ಮಿದುಳನ್ನಿಟ್ಟು ಗ್ಲಾಸ್ಗೋದ ವೈದ್ಯನೊಬ್ಬ ಬದುಕಿಸಿದ ಹೆಣ್ಣು ಬೆಲ್ಲಾ. ಪುಸ್ತಕದಲ್ಲಿ ಅವಳ ಭಾವಚಿತ್ರವೊಂದಿದೆ, ಅದರ ಹೆಸರು ‘ಬೆಲ್ಲಾ ಕ್ಯಾಲಿಡೋನಿಯಾ’. ಕ್ಯಾಲಿಡೋನಿಯಾ, ಅಂದರೆ ಸ್ಕಾಟ್ಲೆಂಡ್! ಗಂಡಸರು ಜೋಡಿಸಿ, ಹೆಸರಿಟ್ಟು, ಸುತ್ತ ಕಥೆ ಕಟ್ಟಿದವಳು. ಕೊನೆಗೆ ತಾನೇ ಪತ್ರ ಬರೆದು, ಅಷ್ಟು ಹೊತ್ತೂ ಈ ಕಥೆ ಹೇಳಿದ ತನ್ನ ಗಂಡನ ಮಾತೆಲ್ಲ ಕಟ್ಟುಕಥೆ ಎನ್ನುತ್ತಾಳೆ. ನಾಡಿನ ಕಥೆ ಹೇಳುವ ಹಕ್ಕು ಯಾರದು ಎಂಬ ಜಗಳ ಇಲ್ಲಿ ಒಂದು ಮನೆಯೊಳಗೇ ನಡೆದುಹೋಗುತ್ತದೆ! 2023ರ ಸಿನಿಮಾ ಅವಳನ್ನು ಲಂಡನ್ನಿಗೆ ಸಾಗಿಸಿತು. ಸೊಗಸಾದ ಸಿನಿಮಾವೇ; ಆದರೆ ಬೆಲ್ಲಾಳ ಅರ್ಧ ಜೀವ ಗ್ಲಾಸ್ಗೋದಲ್ಲೇ ಉಳಿದುಬಿಟ್ಟಿದೆ. ನೋಡಿ ಮೆಚ್ಚಿದವರು ದಯವಿಟ್ಟು ಆ ಕಾದಂಬರಿ ಓದಿ, ಕೊನೆಯ ಪತ್ರವನ್ನು ಮಾತ್ರ ಬಿಡಬೇಡಿ.